ಅರ್ಧಶಕ್ತಿಯ ಸವಾರಿ

ಗದಗಿನ ಕಡೆಯ ವಾಚಕರೊಬ್ಬರು ಕಳೆದ ತಿಂಗಳು ನಮಗೊಂದು ಪತ್ರ ಬರೆದಿದ್ದರು. ಅವರಿಗೆ ಮೂರು ವರುಷಗಳಿಂದ ದೊಡ್ಡ ಕರುಳಿನ ಬೇನೆಯಿರುವುದು. ಔಷಧೋಪಚಾರದಿಂದ ಈಗ ಹತೋಟಿಯಲ್ಲಿದೆ. ಮಗನು ಪ್ರೀತಿಯಿಂದ ಒಂದು ಸೈಕಲ್ಲನ್ನು ಕೊಂಡು ತಂದು ಕೊಟ್ಟಿದ್ದಾನೆ. ಮನೆಯ ಹಿರಿಯರು, ಹೊಟ್ಟೆ ನೆಟ್ಟಗಿಲ್ಲದವನು ಸೈಕಲ್ಲು ತುಳಿಯಲೇಬಾರದು ಎನ್ನುವರು. ಮಗನೋ, ದಿನಾಲು ತುಳಿದರೆ ಬೇನೆಯೇ ಓಡಿಹೋಗುವುದು ಎನ್ನುವನು. ಇವರಲ್ಲಿ ಯಾರ ಮಾತು ನಿಜ? ಇದು ಅವರ ಪ್ರಶ್ನೆ.

ನಮ್ಮ ಉತ್ತರವನ್ನು ಮೊದಲೇ ಹೇಳಿಬಿಡುವೆವು. ಹಿರಿಯರ ಮಾತಿನಲ್ಲಿ ಅರ್ಧ ನಿಜವಿದೆ, ಮಗನ ಮಾತಿನಲ್ಲಿ ಅರ್ಧ ನಿಜವಿದೆ. ಈ ಅರ್ಧವೆಂಬ ಮಾತಿನಲ್ಲಿಯೇ ಇಂದಿನ ನಮ್ಮ ವಿಚಾರವೆಲ್ಲ ಅಡಗಿದೆ.

ಮನೆಮಂದಿಯೆಲ್ಲ ಕೂಡಿ ಓದುವ ಪತ್ರಿಕೆಯಲ್ಲಿ ಮಲಶುದ್ಧಿಯ ಮಾತು ಎತ್ತುವುದು ಸಭ್ಯತೆಗೆ ಒಪ್ಪುವುದೇ ಎಂದು ಕೆಲವರು ಹುಬ್ಬು ಗಂಟಿಕ್ಕಬಹುದು. ಆದರೆ ಮಂಡಿನೋವು, ಕಣ್ಣಿನ ಪೊರೆ, ಸಕ್ಕರೆ ಬೇನೆಗಳನ್ನು ನಾವು ಹತ್ತು ಜನರ ಮುಂದೆ ನಿರ್ಬಾಧವಾಗಿ ಹೇಳಿಕೊಳ್ಳುವೆವು. ಕರುಳಿನ ಬೇನೆಯನ್ನು ಮಾತ್ರ ಕಳ್ಳತನದಂತೆ ಬಚ್ಚಿಡುವೆವು. ಹೀಗೆ ಬಚ್ಚಿಟ್ಟುದರಿಂದ ಆಗುವ ಹಾನಿಯನ್ನು ನಾವು ಸ್ವತಃ ಉಂಡವರು. ಆದ್ದರಿಂದ ಈ ಸಲ ನಮ್ಮ ಕಥೆಯನ್ನೇ ಹೇಳುವೆವು.

ನಮಗೆ ಈ ವ್ಯಾಧಿಯು ತೋರಿದ್ದು 2011ರ ಮಳೆಗಾಲದಲ್ಲಿ. ಆಗ ನಮಗೆ ನಾಲ್ವತ್ತಾರು ವಯಸ್ಸು. ಮೊದಲು ಆಮಶಂಕೆಯೆಂದು ತಿಳಿದು ಮನೆಯ ಮದ್ದು ಮಾಡಿದೆವು. ದಾಳಿಂಬೆ ಸಿಪ್ಪೆಯ ಕಷಾಯವಾಯಿತು, ಗಂಜಿಯಾಯಿತು, ಮಜ್ಜಿಗೆಯಾಯಿತು. ಎರಡು ತಿಂಗಳಾದರೂ ರಕ್ತ ಬೀಳುವುದು ನಿಲ್ಲಲಿಲ್ಲ. ಕೊನೆಗೆ ಹುಬ್ಬಳ್ಳಿಯ ತಜ್ಞ ಡಾಕ್ಟರರೊಬ್ಬರು ನಳಿಗೆಯನ್ನು ಒಳಗೆ ಬಿಟ್ಟು ಕರುಳನ್ನು ಪರೀಕ್ಷಿಸಿ ‘ಅಲ್ಸರೇಟಿವ್ ಕೋಲೈಟಿಸ್’ ಎಂಬ ಹೆಸರನ್ನು ಹೇಳಿದರು. ದೊಡ್ಡ ಕರುಳಿನ ಒಳಪದರು ಉರಿತಗೊಂಡು ಹುಣ್ಣಾಗುವ ರೋಗವಿದು. ಗುದದ ಕಡೆಯಿಂದ ಆರಂಭವಾಗಿ ಮೇಲಕ್ಕೆ ಹಬ್ಬುವುದು. ಕೆಲವು ಕಾಲ ಅಡಗಿರುವುದು, ಮತ್ತೆ ಕೆರಳುವುದು. ಇಂಗ್ಲೆಂಡಿನ ವೈದ್ಯ ಸ್ಯಾಮ್ಯುಯೆಲ್ ವಿಲ್ಕ್ಸ್ ಇದಕ್ಕೆ ಈ ಹೆಸರನ್ನು ಬಳಸಿದ್ದು 1859ರಲ್ಲಿ. ಇದರ ದಾಯಾದಿಯಾದ ಕ್ರೋನ್ಸ್ ರೋಗವು ಬಾಯಿಯಿಂದ ಗುದದ ವರೆಗೆ ಎಲ್ಲಿಯಾದರೂ ನೆಲೆಸಬಲ್ಲದು. ಅದನ್ನು ಅಮೇರಿಕೆಯ ಮೂವರು ವೈದ್ಯರು 1932ರಲ್ಲಿ ಬೇರೆಯಾಗಿ ಗುರುತಿಸಿದರು. ಮೂರನೆಯದೊಂದು ಉಂಟು. ಅದರಲ್ಲಿ ಕರುಳಿನಲ್ಲಿ ಹುಣ್ಣು ಕಾಣದು, ರಕ್ತ ಬೀಳದು. ಆದರೂ ಹೊಟ್ಟೆ ನುಲಿಯುವುದು, ಮಲವು ಒಮ್ಮೆ ಕಟ್ಟುವುದು, ಒಮ್ಮೆ ಸಡಿಲುವುದು. ಇದಕ್ಕೆ ಇರಿಟೆಬಲ್ ಬಾವೆಲ್ ಎನ್ನುವರು. ಇವು ಮೂರೂ ಒಂದೇ ಅಲ್ಲ. ಇವುಗಳ ಔಷಧವೂ ಒಂದೇ ಅಲ್ಲ. ನಮ್ಮ ದೇಶದಲ್ಲಿ ಕರುಳಿನ ಕ್ಷಯವು ಕ್ರೋನ್ಸ್ ರೋಗದ ವೇಷ ಹಾಕಿಕೊಂಡು ಬರುವುದೂ ಉಂಟು. ಆದುದರಿಂದ ರಕ್ತ ಕಂಡರೆ, ತೂಕ ಇಳಿದರೆ, ಜ್ವರವಿದ್ದರೆ, ಹೊಟ್ಟೆಯ ಸಲುವಾಗಿ ನಿದ್ದೆಯಿಂದ ಎಚ್ಚರವಾಗುತ್ತಿದ್ದರೆ, ನೆರೆಯವರ ಸಲಹೆ ಕೇಳುತ್ತ ಕೂಡದೆ ದವಾಖಾನೆಗೆ ಹೋಗತಕ್ಕದ್ದು.

ರೋಗದ ಹೆಸರು ತಿಳಿದ ಮೇಲೆ ಅದರ ಜೊತೆಗೆ ಬಾಳುವುದನ್ನು ಕಲಿಯಬೇಕಾಯಿತು. ನಾವು ಸಾಲೆಯಲ್ಲಿ ಸಂಸ್ಕೃತ ಕಲಿಸುವವರು. ವಿಭಕ್ತಿಗಳನ್ನು ಹೇಳಿಕೊಡುತ್ತಿರುವಾಗ ನಡುವೆಯೇ ಖಡು ಕೆಳಗಿಟ್ಟು ಹೊರಗೆ ಓಡಬೇಕಾಗುತ್ತಿತ್ತು. ಹುಡುಗರು ನಗುತ್ತಿದ್ದರು. ಸಹೋದ್ಯೋಗಿಗಳಿಗೆ ‘ಒಂದು ಫೋನು ಬಂತು’ ಎಂದು ಸುಳ್ಳು ಹೇಳುತ್ತಿದ್ದೆವು. ಮದುವೆ, ಮುಂಜಿವೆ, ಊರು, ಪ್ರವಾಸ ಎಲ್ಲವನ್ನೂ ಬಿಟ್ಟೆವು. ಧಾರವಾಡವೆಂದರೆ ಉಳಿದವರಿಗೆ ಕೆರೆಗಳ ಊರು, ಕವಿಗಳ ಊರು. ನಮಗೆ ಮಾತ್ರ ಅದು ಎಲ್ಲೆಲ್ಲಿ ಸಂಡಾಸವಿದೆ, ಎಲ್ಲೆಲ್ಲಿ ಇಲ್ಲವೆಂಬ ಒಂದು ನಕ್ಷೆಯಾಗಿ ಉಳಿಯಿತು. ಒಂದು ವರುಷದೊಳಗೆ ಮನೆ ಮತ್ತು ಸಾಲೆ ಬಿಟ್ಟು ಮೂರನೆಯ ಸ್ಥಳವನ್ನು ನಾವು ಕಾಣಲಿಲ್ಲ. ಕಾಲುಗಳು ಸೊರಗಿದವು. ಕರುಳಿನ ರೋಗವು ಮನಸ್ಸಿಗೂ ಇಳಿಯಿತು.

ಆಗ ನಮ್ಮ ಡಾಕ್ಟರರು, ‘ರೋಗವು ಅಡಗಿರುವಾಗ ಮೈ ಆಡಿಸಿರಿ. ನಡೆಯಿರಿ, ಇಲ್ಲವೆ ಸೈಕಲ್ಲು ತುಳಿಯಿರಿ’ ಎಂದರು. ಸಂಸ್ಕೃತ ಓದಿದವನ ಚಪಲದಂತೆ ನಾವು ಮನೆಗೆ ಬಂದು ಶಾಸ್ತ್ರಗಳನ್ನು ತಿರುವಿದೆವು. ಚರಕ ಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ ಒಂದು ಸೋಜಿಗ ಕಂಡಿತು. ಆ ಅಧ್ಯಾಯದ ಮೊದಲ ವಿಷಯವೇ ತಡೆಯಬಾರದ ಹದಿಮೂರು ದೇಹವೇಗಗಳು. ಮಲ, ಮೂತ್ರ, ಹಸಿವು, ನೀರಡಿಕೆ, ನಿದ್ರೆ ಮುಂತಾದುವುಗಳ ಸಾಲಿನಲ್ಲಿ ಶ್ರಮದಿಂದ ಬರುವ ಏದುಸಿರೂ ಒಂದು. ಅದೇ ಅಧ್ಯಾಯದಲ್ಲಿ ಮುಂದೆ ವ್ಯಾಯಾಮದ ವಿಚಾರ. ಅದರಿಂದ ಮೈ ಹಗುರವಾಗುವುದು, ಕೆಲಸದ ಬಲ ಬರುವುದು, ಜಠರಾಗ್ನಿ ಹೆಚ್ಚುವುದು. ಮಿತಿ ಮೀರಿದರೆ ದಣಿವು, ಬಾಯಾರಿಕೆ, ಜ್ವರ, ರಕ್ತಪಿತ್ತಗಳು ಬರುವುವು ಎಂದು ಹೇಳಿದೆ. ಲಜ್ಜೆಗೇಡಿತನವನ್ನು ತಡೆಯಬೇಕೆಂದೂ ಅಲ್ಲಿಯೇ ಹೇಳಿದ್ದಾರೆ. ಆದರೆ ಲಜ್ಜೆಯ ಸಲುವಾಗಿ ಮಲವೇಗವನ್ನು ತಡೆ ಎಂದು ಎಲ್ಲಿಯೂ ಹೇಳಿಲ್ಲ. ನಾವು ಅದುವರೆಗೆ ಮಾಡುತ್ತ ಬಂದಿದ್ದುದು ಸರಿಯಾಗಿ ಇದಕ್ಕೆ ವಿರುದ್ಧವಾಗಿತ್ತು.

ವಾಗ್ಭಟನ ಅಷ್ಟಾಂಗಹೃದಯದಲ್ಲಿ ಇನ್ನೆರಡು ಮಾತು ಸಿಕ್ಕವು. ಬಲವಂತನೂ ಜಿಡ್ಡಿನ ಊಟ ಮಾಡುವವನೂ ಆದವನು ಕೂಡ, ಅದೂ ಚಳಿಗಾಲ ಮತ್ತು ವಸಂತದಲ್ಲಿ, ತನ್ನ ಶಕ್ತಿಯ ಅರ್ಧದಷ್ಟೇ ವ್ಯಾಯಾಮ ಮಾಡಬೇಕು. ಉಳಿದ ಕಾಲದಲ್ಲಿ ಅದಕ್ಕೂ ಕಡಿಮೆ. ಅಜೀರ್ಣವಿದ್ದವನು ವ್ಯಾಯಾಮವನ್ನು ಬಿಡಬೇಕು. ನಮ್ಮ ವಾಚಕರ ಮನೆಯ ಹಿರಿಯರು ಹೇಳುವುದಕ್ಕೆ ಇಲ್ಲಿ ಆಧಾರವುಂಟು. ಅರ್ಧಶಕ್ತಿಯನ್ನು ಗುರುತಿಸುವುದು ಹೇಗೆ? ಸುಶ್ರುತನು ಅದಕ್ಕೂ ಲಕ್ಷಣ ಕೊಟ್ಟಿದ್ದಾನೆ. ಎದೆಯಲ್ಲಿರುವ ವಾಯುವು ಬಾಯಿಗೆ ಬಂತೆಂದರೆ, ಅಂದರೆ ಬಾಯಿಯಿಂದ ಉಸಿರಾಡತೊಡಗಿದರೆ, ಅರ್ಧವಾಯಿತೆಂದು ತಿಳಿಯಬೇಕು. ಇಂದಿನ ವೈದ್ಯರೂ ಬೇರೆ ಮಾತಿನಲ್ಲಿ ಇದನ್ನೇ ಹೇಳುವರು: ಜೊತೆಯವರೊಡನೆ ಮಾತಾಡುತ್ತ ಹೋಗಲು ಬರುವಷ್ಟೇ ವೇಗವಿರಲಿ.

ಆದರೆ ಒಂದು ಎಚ್ಚರಿಕೆ. ಚರಕನು ಗ್ರಹಣಿಯನ್ನು ವರ್ಣಿಸಿದ್ದಾನೆಂದು, ನಮ್ಮ ರೋಗಕ್ಕೆ ಗ್ರಹಣಿಯೆಂದು ಹೆಸರಿಟ್ಟು ಪರೀಕ್ಷೆಯನ್ನು ತಪ್ಪಿಸಕೂಡದು. ಹಳೆಯ ಹೆಸರು ರೋಗನಿದಾನವಲ್ಲ. ಹಳೆಯ ಗ್ರಂಥಗಳಿಂದ ನಾವು ತೆಗೆದುಕೊಳ್ಳತಕ್ಕದ್ದು ಮಿತಿಯ ವಿವೇಕವನ್ನು; ಕರುಳಿನ ಹುಣ್ಣನ್ನು ನೋಡಲು ಮಾತ್ರ ಇಂದಿನ ಕಣ್ಣೇ ಬೇಕು.

ಇಂದಿನ ಕಣ್ಣು ಏನು ಹೇಳುವುದು? ಇರಿಟೆಬಲ್ ಬಾವೆಲ್ ಇದ್ದ 102 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರು 12 ವಾರ ಮೈ ಹೆಚ್ಚು ಆಡಿಸುವಂತೆ ಮಾಡಿ ನೋಡಿದ ಪ್ರಯೋಗವೊಂದು ಸ್ವೀಡನ್ನಿನಲ್ಲಿ ನಡೆದು 2011ರಲ್ಲಿ ಪ್ರಕಟವಾಯಿತು. ಮೈ ಆಡಿಸಿದವರ ಹೊಟ್ಟೆಯ ಬಾಧೆ ಉಳಿದವರಿಗಿಂತ ಇಳಿದಿತ್ತು. ನಮ್ಮಂತೆ ಹುಣ್ಣಿನ ರೋಗವಿದ್ದವರಿಗೆ ಮಿತವಾದ ವ್ಯಾಯಾಮವು ರೋಗವನ್ನು ಗುಣಪಡಿಸಲಾರದು. ಆದರೆ ದಣಿವು ಕಡಿಮೆಯಾಗುವುದು, ಮನಸ್ಸು ತಿಳಿಯಾಗುವುದು, ಸ್ಟಿರಾಯ್ಡ್ ಔಷಧದಿಂದ ಸವೆದ ಎಲುಬಿಗೂ ಸ್ನಾಯುವಿಗೂ ಬಲ ಬರುವುದು. ಎಲುಬಿಗೆ ಮಾತ್ರ ಸೈಕಲ್ಲಿಗಿಂತ ನಡಿಗೆಯು ಹೆಚ್ಚು ಹಿತ. ಆದ್ದರಿಂದ ಎರಡೂ ಇರಲಿ. ಪ್ರಾಪ್ತವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೇಳಿದೆ. ಆದರೆ ಏದುಸಿರು ಬಿಟ್ಟು ಬಹಳ ಹೊತ್ತು ತುಳಿದರೆ ರಕ್ತವೆಲ್ಲ ತೊಡೆಯ ಸ್ನಾಯುಗಳ ಕಡೆಗೆ ಹರಿಯುವುದು, ಕರುಳಿಗೆ ರಕ್ತ ಕಡಿಮೆಯಾಗುವುದು. ನೆಟ್ಟಗಿದ್ದವರ ಹೊಟ್ಟೆಯೇ ಆಗ ಕೆಡುವುದುಂಟು. ಹುಣ್ಣಾದ ಕರುಳಿನ ಪಾಡೇನು?

ನಾವು 2012ರಲ್ಲಿ ಆರಂಭಿಸಿದೆವು. ಅಟ್ಟದ ಮೇಲಿದ್ದ ಹಳೆಯ ಕರಿಯ ಸೈಕಲ್ಲನ್ನು ಇಳಿಸಿ, ಟ್ಯೂಬು ಬದಲಿಸಿ, ಚೈನಿಗೆ ಎಣ್ಣೆ ಬಿಟ್ಟು ಹೊರಟೆವು. ಸಪ್ತಾಪುರದ ನಮ್ಮ ಮನೆಯಿಂದ ಮೊದಲ ವಾರ ಕರ್ನಾಟಕ ಕಾಲೇಜಿನ ವರೆಗೆ ಮಾತ್ರ. 1917ರಲ್ಲಿ ಸ್ಥಾಪಿತವಾದ ಆ ವಿದ್ಯಾಸಂಸ್ಥೆಯಲ್ಲಿ ನಾವೂ ಒಮ್ಮೆ ಇದೇ ಸೈಕಲ್ಲಿನ ಮೇಲೆ ಹೋಗಿ ಕಲಿತವರು. ಎರಡು ತಿಂಗಳಾದ ಮೇಲೆ ಕೆಲಗೇರಿ ಕೆರೆಯ ದಂಡೆ ಮುಟ್ಟಿದೆವು. ಬೆಳಗಿನ ತಂಪು ಗಾಳಿಯಲ್ಲಿ ಕೆರೆಯನ್ನು ನೋಡಿ ನಿಂತಾಗ, ಒಂದು ವರುಷದ ಮೇಲೆ ಮೊದಲ ಸಲ ನಾವು ಹೊಟ್ಟೆಯನ್ನು ಮರೆತಿದ್ದೆವು.

ಇಲ್ಲಿಗೇ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮನುಷ್ಯನಿಗೆ ಸುಖವು ಪಚನವಾಗುವುದು ಕಠಿಣ. ಎರಡು ವರುಷ ರೋಗವು ತಲೆಯೆತ್ತಲಿಲ್ಲ. ಇದೆಲ್ಲ ಸೈಕಲ್ಲಿನ ಪ್ರಭಾವವೆಂದು ನಾವು ನಿಶ್ಚಯಿಸಿ, ದಿನಾಲು ತೆಗೆದುಕೊಳ್ಳಬೇಕಾಗಿದ್ದ ಮೆಸಲಮಿನ್ ಗುಳಿಗೆಗಳನ್ನು 2014ರಲ್ಲಿ ಡಾಕ್ಟರರಿಗೆ ತಿಳಿಸದೆ ಬಿಟ್ಟೆವು. ಮನೆಯವರಿಗೆ ಇದು ಗೊತ್ತಾದ ದಿನ ನಾವು ಅಂಗಳದಲ್ಲಿ ಕುಳಿತು ಸೈಕಲ್ಲು ಒರೆಸುತ್ತಿದ್ದೆವು. ಅವರು ಬಾಗಿಲಲ್ಲಿ ನಿಂತು, “ಅಲ್ರೀ, ಚೈನಿಗೆ ಎಣ್ಣಿ ಬಿಡೋದು ಒಂದಿನಾ ಮರೆಯೂದಿಲ್ಲ, ಹೊಟ್ಟಿಗೆ ಗುಳಿಗಿ ಮಾತ್ರ ಬ್ಯಾಡಾತೇನು?” ಎಂದರು. ನಾವು ನಕ್ಕು ಸುಮ್ಮನಾದೆವು. ನಾಲ್ಕನೆಯ ತಿಂಗಳಲ್ಲಿ ರಕ್ತ ಕಂಡಿತು. ಆ ಸಲದ ಬೇನೆಯಲ್ಲಿ ಹನ್ನೊಂದು ದಿನ ದವಾಖಾನೆಯಲ್ಲಿ ಮಲಗಿದೆವು.

ವಾಚಕರು ಇದನ್ನು ಚೆನ್ನಾಗಿ ಮನಸ್ಸಿನಲ್ಲಿಡಬೇಕು. ಈ ರೋಗವು ಅಡಗಿರುವುದು ಬಹುತರ ಔಷಧದ ಬಲದಿಂದ. ಅಡಗಿದೆಯೆಂದು ಔಷಧ ಬಿಡುವುದು, ಮಳೆಯಲ್ಲಿ ಮೈ ನೆನೆಯಲಿಲ್ಲವೆಂದು ಕೊಡೆ ಮಡಿಚಿದಂತೆ. ನಮ್ಮ ಗದಗಿನ ವಾಚಕರ ಮಗನಿಗೆ ನಾವು ಹೇಳುವುದಿಷ್ಟೇ: ಅಪ್ಪಾ, ಸೈಕಲ್ಲು ಔಷಧಕ್ಕೆ ಜೊತೆ, ಬದಲಿಯಲ್ಲ.

ಎರಡನೆಯ ತಪ್ಪನ್ನು ಮಾಡಿದ್ದು 2016ರಲ್ಲಿ. ಅದನ್ನು ಹೇಳಲು ಈಗಲೂ ಲೇಖನಿ ಹಿಂಜರಿಯುವುದು.

ಧಾರವಾಡದಿಂದ ಹುಬ್ಬಳ್ಳಿಗೆ ಸುಮಾರು 20 ಕಿಲೋಮೀಟರು. 1962ರಿಂದ ಎರಡಕ್ಕೂ ಒಂದೇ ಮಹಾನಗರಪಾಲಿಕೆ. ಆದರೆ ಸೈಕಲ್ಲಿನವನಿಗೆ ಇವೆರಡೂ ಸಮನಲ್ಲ. ಧಾರವಾಡವು ಎತ್ತರದಲ್ಲಿದೆ, ಹುಬ್ಬಳ್ಳಿಯು ತಗ್ಗಿನಲ್ಲಿದೆ. ಮೇಲಾಗಿ ಮಳೆಗಾಲದಲ್ಲಿ ಪಡುವಣ ಗಾಳಿ. ಹೋಗುವಾಗ ಇಳುಕಲು, ಗಾಳಿಯೂ ಬೆನ್ನ ಹಿಂದೆ. ಕಾಲು ಆಡಿಸದೆಯೂ ಸೈಕಲ್ಲು ಓಡುವುದು. ಬರುವಾಗ ಏರು, ಗಾಳಿಯೂ ಎದೆಗೆ ಎದುರು.

ಶ್ರಾವಣದ ಒಂದು ರವಿವಾರ ನಮ್ಮ ಸಾಲೆಯ ನಾಲ್ವರು ತರುಣ ಮಾಸ್ತರರು ಉಣಕಲ್ಲ ಕೆರೆಗೆ ಸೈಕಲ್ ಸವಾರಿ ಹೂಡಿದರು. ನಮ್ಮನ್ನೂ ಕರೆದರು. ಅದಕ್ಕೆ ಎರಡು ದಿನ ಮುಂಚೆ ರಕ್ತದ ಗೆರೆ ಕಂಡಿತ್ತು. ಬರುವುದಿಲ್ಲವೆಂದರೆ ಕಾರಣ ಹೇಳಬೇಕಾಗುತ್ತಿತ್ತು. ಅದರ ನಾಚಿಕೆಗಾಗಿ ಹೊರಟೆವು. ಸತ್ತೂರು, ನವಲೂರು, ರಾಯಾಪುರ, ಭೈರಿದೇವರಕೊಪ್ಪಗಳು ಒಂದರ ಹಿಂದೊಂದು ಹಾರಿಹೋದವು. ತರುಣರ ಸರಿಸಮ ತುಳಿದೆವೆಂದು ಉಣಕಲ್ಲಿನಲ್ಲಿ ಮೀಸೆ ತಿರುವಿದೆವು. ಅರ್ಧ ದಾರಿಯಾಯಿತೆಂದು ಲೆಕ್ಕ ಹಾಕಿದೆವು. ಲೆಕ್ಕವು ತಪ್ಪಿತ್ತು. ಅರ್ಧ ದಾರಿಯೆಂದರೆ ಅರ್ಧ ಶಕ್ತಿಯಲ್ಲ. ನಮ್ಮ ಶಕ್ತಿಯ ಮುಕ್ಕಾಲು ಪಾಲು ಇನ್ನೂ ಬರುವ ದಾರಿಗೆ ಬೇಕಾಗಿತ್ತು.

ಮರಳಿ ನವಲೂರಿನ ಹತ್ತಿರ ಬರುವಷ್ಟರಲ್ಲಿ ಹೊಟ್ಟೆಯಲ್ಲಿ ಕತ್ತರಿಸಿದಂತಾಯಿತು. ಆಗ ರಸ್ತೆ ಅಗಲಿಸುವ ಕೆಲಸ ನಡೆದಿತ್ತು. ಇಬ್ಬದಿಯಲ್ಲಿ ಮಣ್ಣು ಬಿಟ್ಟರೆ ಮರೆಯೆಂಬುದು ಇರಲಿಲ್ಲ. ತರುಣರು ಮುಂದೆ ಹೋಗಿದ್ದರು. ರಸ್ತೆಯ ಬದಿಗೆ ಪೇರಲ ಹಣ್ಣಿನ ಬುಟ್ಟಿಯಿಟ್ಟುಕೊಂಡು ಒಬ್ಬ ಮುದುಕಿ ಕುಳಿತಿದ್ದಳು. ನವಲೂರಿನ ಪೇರಲವು ನಮ್ಮ ಕಡೆಗೆ ಹೆಸರಾದದ್ದು. ನಮ್ಮ ಮುಖ ನೋಡಿದವಳೇ ಅವಳಿಗೆ ಎಲ್ಲ ತಿಳಿಯಿತು. “ಯಪ್ಪಾ, ನಾಚಿಕಿ ಯಾಕ? ಹೊಟ್ಟಿ ಎಲ್ಲಾರಿಗೂ ಐತಿ. ಬಾ ಇಲ್ಲೆ ಮನಿ” ಎಂದು ಬುಟ್ಟಿಯನ್ನು ಬಿಟ್ಟು ಎದ್ದಳು. ಮನೆ ಮುಟ್ಟುವುದರೊಳಗೆ ನಮ್ಮ ಮಾನವು ಪೂರ್ತಿ ಉಳಿಯಲಿಲ್ಲ. ಅವಳು ತಲೆಗೆ ನೀರು ಕಾಯಿಸಿ ಕೊಟ್ಟಳು, ಮಗನದೊಂದು ಧೋತರ ಕೊಟ್ಟಳು, ಉಪ್ಪು ಹಾಕಿದ ಮಜ್ಜಿಗೆ ಕೊಟ್ಟಳು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ತರುಣರು ನಮ್ಮನ್ನು ಹುಡುಕುತ್ತ ಹಿಂದಿರುಗಿ ಬಂದಾಗ ಪರರ ಧೋತರ ಉಟ್ಟು ಕಟ್ಟೆಯ ಮೇಲೆ ಕುಳಿತಿದ್ದ ನಮಗೆ ಸುಳ್ಳು ಹೇಳುವ ಶಕ್ತಿಯೂ ಉಳಿದಿರಲಿಲ್ಲ. ಐದು ವರುಷದ ಗುಟ್ಟನ್ನು ಐದು ಮಾತಿನಲ್ಲಿ ಹೇಳಿದೆವು. ಯಾರೂ ನಗಲಿಲ್ಲ. ಅವರಲ್ಲಿ ಕಿರಿಯವನು ಬಹಳ ಹೊತ್ತು ಸುಮ್ಮನಿದ್ದು, “ಸರ್, ನಮ್ಮ ತಂಗಿಗೂ ಇದ ಅದ. ಲಗ್ನ ಆಗೂದಿಲ್ಲಂತ ಮನ್ಯಾಗ ಯಾರೂ ಬಾಯಿ ಬಿಡೂದಿಲ್ಲ. ಆಕಿ ಔಷಧಾನೂ ಕದ್ದು ತಗೋತಾಳ” ಎಂದನು. ನಮ್ಮ ನಾಚಿಕೆಯು ಆ ಮಾತಿನ ಮುಂದೆ ಎಷ್ಟು ಸಣ್ಣದಾಗಿ ಕಂಡಿತೆಂಬುದನ್ನು ಹೇಳಲಾರೆವು. ಗಂಡಸಾದ ನಮಗೆ ಹೋದದ್ದು ಒಂದು ಮುಂಜಾನೆಯ ಮಾನ. ಆ ಹುಡುಗಿಯು ಬಚ್ಚಿಟ್ಟುಕೊಂಡಿದ್ದುದು ಇಡೀ ಪ್ರಾಯವನ್ನು. ಆ ಕೂಡಲೇ ಅವಳನ್ನು ನಮ್ಮ ಡಾಕ್ಟರರ ಬಳಿಗೆ ಕರೆದೊಯ್ಯಲು ಅವಳ ತಂದೆಯನ್ನು ಒಡಂಬಡಿಸುವ ಕೆಲಸವನ್ನು ನಾವು ಮೇಲೆ ಹಾಕಿಕೊಂಡೆವು. ನಮ್ಮ ಕಥೆಯನ್ನು ಅವರ ಮನೆಯಲ್ಲಿ ಕುಳಿತು ಹೇಳಿದ ಮೇಲೆಯೇ ಅವರು ಒಪ್ಪಿದರು.

ಈ ಎರಡು ತಪ್ಪುಗಳಿಂದ ನಾವು ಕಲಿತು, ಡಾಕ್ಟರರ ಒಪ್ಪಿಗೆ ಪಡೆದು, ಇಂದಿಗೂ ನಡೆಸಿಕೊಂಡು ಬಂದ ಕಟ್ಟಳೆಗಳನ್ನು ಕೆಳಗೆ ಬರೆಯುವೆವು.

ಮೊದಲನೆಯದು, ರಕ್ತ, ಜ್ವರ, ನುಲಿತಗಳಿದ್ದ ದಿನ ಸೈಕಲ್ಲಿನ ಬೀಗ ತೆಗೆಯಕೂಡದು. ಆ ದಿನದ ವ್ಯಾಯಾಮವೆಂದರೆ ವಿಶ್ರಾಂತಿ. ಚೇತರಿಸಿಕೊಂಡ ಮೇಲೆ ಮನೆಯ ಸುತ್ತಲಿನ ನಡಿಗೆಯಿಂದ ಮತ್ತೆ ಆರಂಭಿಸಬೇಕು.

ಎರಡನೆಯದು, ಊಟವಾದ ಕೂಡಲೇ ಹೊರಡಬಾರದು. ಹೊಟ್ಟೆಗೆ ಅನ್ನ ಬಿದ್ದೊಡನೆ ಕೆಳಗಿನ ಕರುಳು ಚಲಿಸುವುದು ಸೃಷ್ಟಿಯ ನಿಯಮ. ನಾವು ಬೆಳಿಗ್ಗೆ ಚಹ ಕುಡಿದು, ಮಲಶುದ್ಧಿಯಾದ ಮೇಲೆ ಅರ್ಧ ತಾಸು ಕಾದು ಹೊರಡುವೆವು.

ಮೂರನೆಯದು, ನೀರು. ಭೇದಿಯಾಗುವವನ ಮೈಯೊಳಗಿನ ನೀರು ಉಪ್ಪುಗಳು ಮೊದಲೇ ಕಡಿಮೆ. ಬೆವರಿದರೆ ಮತ್ತಷ್ಟು ಕಡಿಮೆ. ಒಂದು ಲೀಟರು ಕಾಯಿಸಿ ಆರಿಸಿದ ನೀರಿಗೆ ಆರು ಸಮ ಚಹದ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿದರೆ ಜೀವಜಲವು ಸಿದ್ಧ. ಇದನ್ನು ಅಲ್ಪವೆಂದು ತಿಳಿಯಬಾರದು. 1971ರಲ್ಲಿ ಬಂಗಾಲದ ಬನಗಾಂವಿನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ ಮಹಲನಬಿಸ್ ಅವರು ಇಂಥ ನೀರಿನಿಂದಲೇ ಸಾವಿರಾರು ಜೀವ ಉಳಿಸಿದರು. ಸಕ್ಕರೆ ಬೇನೆ, ರಕ್ತದೊತ್ತಡ ಇದ್ದವರು ಮಾತ್ರ ಡಾಕ್ಟರರನ್ನು ಕೇಳಿ ಕುಡಿಯಲಿ.

ನಾಲ್ಕನೆಯದು, ಸೈಕಲ್ಲು ತುಳಿದು ಮಂಡಿ ನೋಯಿತೆಂದು ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೇನ್ ಮುಂತಾದ ನೋವಿನ ಗುಳಿಗೆ ತಂದು ನುಂಗಬಾರದು. ಇವು ಮಲಗಿದ ಕರುಳಿನ ರೋಗವನ್ನು ಕೆರಳಿಸಬಲ್ಲವು. ಮಂಡಿ ನೋವಿಗೆ ಮೊದಲ ಮದ್ದು ಸೀಟಿನ ಎತ್ತರವನ್ನು ಸರಿಪಡಿಸುವುದು. ಪೆಡಲು ಅತಿ ಕೆಳಗಿದ್ದಾಗ ಮಂಡಿಯು ತುಸುವೇ ಬಾಗಿರಬೇಕು.

ಐದನೆಯದು, ಏರಿನಲ್ಲಿ ಬೇಗ ಉಸಿರು ಕಟ್ಟಿದರೆ ವಯಸ್ಸಾಯಿತೆಂದು ಸುಮ್ಮನಾಗಬಾರದು. ರಕ್ತ ಸೋರಿ ಸೋರಿ ರಕ್ತಹೀನತೆಯಾಗಿರಬಹುದು, ಪರೀಕ್ಷೆ ಮಾಡಿಸಬೇಕು. ರೋಗವು ಎಂಟು ವರುಷ ಹಳೆಯದಾದ ಮೇಲೆ ಕರುಳಿನ ನಳಿಗೆ ಪರೀಕ್ಷೆಯನ್ನು ಡಾಕ್ಟರರು ಹೇಳಿದ ಕಾಲಕ್ಕೆ ತಪ್ಪದೆ ಮಾಡಿಸಬೇಕು, ಏಕೆಂದರೆ ಹಳೆಯ ಹುಣ್ಣಿನಲ್ಲಿ ಕ್ಯಾನ್ಸರಿನ ಭಯ ಹೆಚ್ಚು.

ಆಹಾರದ ವಿಷಯದಲ್ಲಿ ಎಲ್ಲರಿಗೂ ಒಂದೇ ಪಥ್ಯ ಹೇಳಲು ಬರುವುದಿಲ್ಲ. ನಮ್ಮ ಸಂಜೆಯ ಗಿರಮಿಟ್ಟು, ಮಿರ್ಚಿ ಭಜಿಗಳು ಈ ರೋಗವನ್ನು ಹುಟ್ಟಿಸುವುದಿಲ್ಲ. ಆದರೆ ಕೆರಳಿದ ಹೊಟ್ಟೆಗೆ ಅವು ತ್ರಾಸು ಕೊಡುವುವು. ರೊಟ್ಟಿ ಕೆಲವರಿಗೆ ಹಿತ, ಕೆಲವರಿಗೆ ಭಾರ. ಹಾಲು ಕೆಲವರಿಗೆ ಒಗ್ಗದು, ಮೊಸರು ಒಗ್ಗುವುದು. ಒಂದು ವಹಿಯಲ್ಲಿ ತಿಂದದ್ದು, ತುಳಿದದ್ದು, ಹೊಟ್ಟೆಯ ಸ್ಥಿತಿ, ಇವಿಷ್ಟನ್ನು ಬರೆದಿಟ್ಟರೆ ಮೂರು ತಿಂಗಳಲ್ಲಿ ನಿಮ್ಮ ಪಥ್ಯವನ್ನು ನೀವೇ ಬರೆದುಕೊಳ್ಳಬಲ್ಲಿರಿ.

ಇಂಥ ರೋಗಿಗಳು ದೊಡ್ಡ ಕೆಲಸ ಮಾಡಲಾರರೆಂಬ ಕಳವಳ ಬೇಡ. ಇಂಗ್ಲೆಂಡಿನ ದೋಣಿಪಟು ಸ್ಟೀವ್ ರೆಡ್‌ಗ್ರೇವ್ ಅವರಿಗೆ ನಮ್ಮ ಈ ರೋಗವೇ 1992ರಲ್ಲಿ ಗೊತ್ತಾಯಿತು. ಆ ವರುಷದ ಒಲಿಂಪಿಕ್ಕಿನಲ್ಲಿಯೂ 1996 ಮತ್ತು 2000ರಲ್ಲಿಯೂ ಅವರು ಬಂಗಾರದ ಪದಕ ಗೆದ್ದರು. ಜಪಾನಿನ ಪ್ರಧಾನಿ ಶಿಂಜೊ ಅಬೆ ಅವರೂ ತಾರುಣ್ಯದಿಂದ ಇದನ್ನೇ ಅನುಭವಿಸಿದವರು. 2007ರಲ್ಲಿ ಅಧಿಕಾರ ಬಿಟ್ಟರು. ಹೊಸ ಔಷಧದಿಂದ ಚೇತರಿಸಿಕೊಂಡು 2012ರಲ್ಲಿ ಮತ್ತೆ ಪ್ರಧಾನಿಯಾದರು. 2020ರಲ್ಲಿ ರೋಗ ಮರುಕಳಿಸಿತೆಂದು ನಾಡಿಗೆಲ್ಲ ತಿಳಿಸಿ ಕೆಳಗಿಳಿದರು. ಮುಂದೆ ಹೋಗುವುದನ್ನು ಮೊದಲನೆಯವರಿಂದ ಕಲಿಯೋಣ. ಹಿಂದಿರುಗುವುದನ್ನು ಎರಡನೆಯವರಿಂದ ಕಲಿಯೋಣ.

ಗೃಹಸ್ಥರಿಗೆ ಒಂದು ಬಿನ್ನಹ. ನಿಮ್ಮ ಮನೆಯಲ್ಲಿ ಇಂಥವರಿದ್ದರೆ ‘ಏನೂ ಆಗಿಲ್ಲ, ಮನಸ್ಸಿನ ಭ್ರಮೆ’ ಎನ್ನಬೇಡಿರಿ. ‘ಕೂತಲ್ಲಿಯೇ ಕೂಡು’ ಎಂದೂ ಹೇಳಬೇಡಿರಿ. ಹಾದಿಹೋಕನೊಬ್ಬನು ಮುಖ ಬಾಡಿಸಿಕೊಂಡು ಬಾಗಿಲಿಗೆ ಬಂದರೆ ಒಳಗೆ ಕರೆಯಿರಿ. ಹೆಂಗಸಾದರಂತೂ ಕೇಳುವ ಮೊದಲೇ ಕರೆಯಿರಿ. ಪೇಟೆಯಲ್ಲಿ ಸ್ವಚ್ಛವಾದ ಸಂಡಾಸಗಳಿರಬೇಕೆಂದು ನಿಮ್ಮ ವಾರ್ಡಿನ ಸದಸ್ಯರನ್ನು ಒತ್ತಾಯಿಸಿರಿ. ಇದೂ ಅನ್ನದಾನದಷ್ಟೇ ಪುಣ್ಯದ ಕೆಲಸವೆಂದು ನಮ್ಮ ಅಭಿಪ್ರಾಯವಾಗಿದೆ.

ಹುಬ್ಬಳ್ಳಿಯ ದಾರಿಯಲ್ಲಿ 2018ರಿಂದ ಚಿಗರಿ ಬಸ್ಸುಗಳು ನಡುವಿನ ಹಾದಿ ಹಿಡಿದು ಓಡುತ್ತಿವೆ. ನಾವು ಬದಿಯ ಹಾದಿಯಲ್ಲಿ ಮೆಲ್ಲಗೆ ತುಳಿಯುವೆವು. ಉಣಕಲ್ಲಿನ ಆಸೆಯನ್ನು ಬಿಟ್ಟಿದ್ದೇವೆ. ನವಲೂರಿಗೆ ಹೋದೊಡನೆ, ಕಾಲಲ್ಲಿ ಇನ್ನೂ ಬಲವಿದ್ದರೂ, ಸೈಕಲ್ಲನ್ನು ಹಿಂದಕ್ಕೆ ತಿರುಗಿಸುವೆವು. ಆ ಉಳಿದ ಬಲವು ಏರಿಗೂ ಎದುರು ಗಾಳಿಗೂ ಮೀಸಲು.

ಆ ಮುದುಕಿಯು ಈಗ ಇಲ್ಲ. ಧೋತರವನ್ನು ಒಗೆದು ಮಡಿಚಿ, ಮೇಲೆ ಒಂದು ಪೊಟ್ಟಣ ಪೇಢೆಯಿಟ್ಟು ಮರಳಿ ಕೊಡಲು ಹೋದಾಗ, ಪೇಢೆಯನ್ನಷ್ಟೇ ತೆಗೆದುಕೊಂಡು, “ಧೋತರಾ ಇರ್ಲಿ, ಮತ್ತ ಬೇಕಾದೀತು” ಎಂದು ನಕ್ಕಿದ್ದಳು. ಈಗ ಅವಳ ಸೊಸೆಯು ಅದೇ ಜಾಗದಲ್ಲಿ ಬುಟ್ಟಿಯಿಟ್ಟು ಕೂಡುವಳು. ಬೀಜದ ಪೇರಲವು ನಮಗೆ ಒಗ್ಗದು. ಆದರೂ ಮನೆಯವರಿಗಾಗಿ ನಾಲ್ಕು ಹಣ್ಣು ಕೊಂಡು, ಚೀಲದಲ್ಲಿ ಮಡಿಚಿಟ್ಟ ಧೋತರದ ಮೇಲಿಟ್ಟುಕೊಂಡು ಬರುವೆವು.